ಮೆದುಳಿನ ನಕಾಶೆಯೂ ಮನೆಮಾತೂ

ಮೆದುಳಿನ ಚಿತ್ರವನ್ನು ತೆಗೆಯುವುದು ಒಂದು ವಿದ್ಯೆ. ಅದರಿಂದ ಅರ್ಥವನ್ನು ಹೊರಡಿಸುವುದು ಮತ್ತೊಂದು. ಈ ಎರಡನೆಯದಕ್ಕೆಂದು ಲಂಡನ್ನಿನಲ್ಲಿ ಕಾರ್ಲ್ ಫ್ರಿಸ್ಟನ್ನರು 1991ರಲ್ಲಿ ‘ಎಸ್‌ಪಿಎಂ’ ಎಂಬ ತಂತ್ರಾಂಶವನ್ನು ರಚಿಸಿ ಸಂಶೋಧಕರಿಗೆ ಉಚಿತವಾಗಿ ಹಂಚಿದರು. ಚಿತ್ರದ ಬಿಂದುಬಿಂದುವನ್ನೂ ಸಂಖ್ಯಾಶಾಸ್ತ್ರದಿಂದ ಪರೀಕ್ಷಿಸಿ, ಯಾವ ಕಾರ್ಯಕ್ಕೆ ಯಾವ ಭಾಗವು ಎಚ್ಚರಗೊಂಡಿತೆಂಬುದನ್ನು ಅದು ತೋರಿಸುತ್ತದೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1995ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆ ಮೊದಲಾಯಿತು. 1998ರಲ್ಲಿ ಸ್ಥಾಪಿತವಾದ ಕೊಚ್ಚಿಯ ಅಮೃತಾ ಆಸ್ಪತ್ರೆಯೂ ಮುಂದೆ ಆ ಹಾದಿಯನ್ನು ಹಿಡಿಯಿತು. ಶಸ್ತ್ರವನ್ನು ಹಿಡಿಯುವ ಮುನ್ನ ನುಡಿಯ ನೆಲೆಯನ್ನರಿಯಬೇಕು. ಅದಕ್ಕಾಗಿ ರೋಗಿಯು ಯಂತ್ರದೊಳಗೆ ಮಲಗಿ ಪದಗಳನ್ನು ಮನಸ್ಸಿನಲ್ಲಿಯೇ ಹೊಂದಿಸಬೇಕು. ಕಾಸರಗೋಡಿನ ಕನ್ನಡಿಗನಿಗೆ ಆ ಪದಗಳು ಪಳಗದ ನುಡಿಯವಾದರೆ, ಗಣಿತವೆಲ್ಲ ಸರಿಯಿದ್ದೂ ನಕಾಶೆ ತಪ್ಪೀತು. ಆದುದರಿಂದ ಪರೀಕ್ಷೆಯ ಪದಪಟ್ಟಿಯು ಕನ್ನಡದಲ್ಲಿಯೂ ಇರಬೇಕೆಂಬುದು ಇಲ್ಲಿ ಚಿಕಿತ್ಸೆಯ ಅಗತ್ಯವೇ ಆಗಿದೆ.