ರಾಮೇಶ್ವರ: ಉಪ್ಪು ಕಡಲು, ಸಿಹಿ ಬಾವಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಪುಟ್ಟ ತಾಮ್ರದ ಗಿಂಡಿ ಇತ್ತು. ಬಾಯಿಗೆ ಬೆಸುಗೆ ಹಾಕಿದ್ದರಿಂದ ಒಳಗೇನಿದೆ ಎಂಬುದು ಮಕ್ಕಳಾದ ನಮಗೆ ಕಾಣುತ್ತಿರಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. "ಅದು ನಮ್ಮದಲ್ಲ ಮಗಾ, ರಾಮೇಶ್ವರದ ಸ್ವಾಮಿಯದು" ಎನ್ನುತ್ತಿದ್ದರು ಅಜ್ಜಿ. ಕಾಶಿಗೆ ಹೋದವರು ರಾಮೇಶ್ವರಕ್ಕೂ ಹೋಗಬೇಕು. ಸೇತುವಿನ ಮರಳನ್ನು ಪ್ರಯಾಗದ ನದಿಯಲ್ಲಿ ಬಿಟ್ಟು, ಗಂಗೆಯ ನೀರನ್ನು ತಂದು ರಾಮೇಶ್ವರದ ಲಿಂಗಕ್ಕೆ ಅಭಿಷೇಕ ಮಾಡಿಸಿದಾಗಲೇ ಯಾತ್ರೆ ಪೂರ್ತಿ ಎಂಬುದು ನಮ್ಮ ಹಿರಿಯರ ನಂಬಿಕೆ. ಅಜ್ಜಿಗೆ ಅರ್ಧ ಯಾತ್ರೆಯಷ್ಟೇ ಆಯಿತು. ಗಿಂಡಿ ಗೂಡಿನಲ್ಲೇ ಉಳಿಯಿತು. ನಿಮ್ಮ ಮನೆಯಲ್ಲೂ ಅಂಥದೊಂದು ಇದ್ದರೆ ಆಶ್ಚರ್ಯವಿಲ್ಲ.

ನಮ್ಮ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ರಾಮೇಶ್ವರಕ್ಕೆ ಹೊರಟಾಗ ಆ ಗಿಂಡಿಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ದೇವಸ್ಥಾನದ ಒಳಗೆ ಕ್ಯಾಮೆರಾ ಒಯ್ಯುವಂತಿಲ್ಲ. ಆದ್ದರಿಂದ ನೀವು ತೆರೆಯ ಮೇಲೆ ನೋಡುವುದು ಗೋಪುರ, ಕಡಲು ಮತ್ತು ಸೇತುವೆ ಮಾತ್ರ. ತೋರಿಸಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಭೂಪಟವನ್ನು ತೆರೆದು ನೋಡಿ. ತಮಿಳುನಾಡಿನ ಆಗ್ನೇಯ ಕರಾವಳಿಯಿಂದ ಶ್ರೀಲಂಕೆಯ ಕಡೆಗೆ ಬೆರಳು ಚಾಚಿದಂತೆ ಒಂದು ಉದ್ದನೆಯ ದ್ವೀಪ ಕಾಣುತ್ತದೆ. ಅದು ಪಾಂಬನ್ ದ್ವೀಪ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ದ್ವೀಪವೆಂದರೆ ಬಹುಪಾಲು ಮರಳು ಮತ್ತು ಹವಳದ ಕಲ್ಲು. ನದಿಯಿಲ್ಲ, ಬೆಟ್ಟವಿಲ್ಲ. ಇಂಥ ಕಡೆ ಭಾರತದ ಅತಿ ದೊಡ್ಡ ದೇವಾಲಯಗಳಲ್ಲಿ ಒಂದು ಹೇಗೆ ನಿಂತಿತು? ಶತಮಾನಗಳಿಂದ ಜನ ಇಲ್ಲಿಗೆ ಹೇಗೆ ಬಂದರು? ಬಂದವರು ಏನು ಕುಡಿದರು? ಇತಿಹಾಸದ ಪುಸ್ತಕಗಳು ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತವೆ. ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಅದೇ ಮುಖ್ಯವೆನಿಸಿತು.

ಕ್ಷೇತ್ರ ಹಳೆಯದು. ಕ್ರಿ.ಶ. 7ನೇ ಶತಮಾನದ ತಮಿಳು ಶೈವ ಸಂತರಾದ ಅಪ್ಪರ್ ಮತ್ತು ಸಂಬಂಧರ್ ಇಬ್ಬರೂ ಇಲ್ಲಿಯ ಶಿವನನ್ನು ಹಾಡಿದ್ದಾರೆ. ರಾವಣನನ್ನು ಕೊಂದ ದೋಷ ಕಳೆಯಲು ರಾಮ ಇಲ್ಲಿ ಲಿಂಗಪೂಜೆ ಮಾಡಿದನೆಂಬುದು ಸ್ಥಳಪುರಾಣ. ಕೈಲಾಸದಿಂದ ಲಿಂಗ ತರಲು ಹೋದ ಹನುಮಂತ ಬರುವುದು ತಡವಾಯಿತು. ಸೀತೆ ಮರಳಿನಿಂದಲೇ ಲಿಂಗ ಮಾಡಿದಳು. ತಡವಾಗಿ ಬಂದ ಹನುಮಂತನಿಗೆ ಬೇಸರವಾಗಬಾರದೆಂದು ಅವನು ತಂದ ವಿಶ್ವಲಿಂಗಕ್ಕೇ ಇಂದಿಗೂ ಮೊದಲ ಪೂಜೆ. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದೆನಿಸಿದ ಕ್ಷೇತ್ರದ ಮೂಲ ಲಿಂಗ ಮರಳಿನದು ಎಂಬುದನ್ನು ನೆನಪಿಡಿ. ಮುಂದೆ ನಾನು ಹೇಳುವುದೂ ಮರಳಿನ ಕಥೆಯೇ.

ಇಲ್ಲಿಗೆ ಬರುವ ದಾರಿ ಸುಲಭದ್ದಾಗಿರಲಿಲ್ಲ. ಕಾಡು, ಕಳ್ಳಕಾಕರು, ಕೊನೆಯಲ್ಲಿ ಕಡಲು. 17ನೇ ಶತಮಾನದ ಆರಂಭದಲ್ಲಿ ಮಧುರೆಯ ನಾಯಕರು ರಾಮನಾಥಪುರದ ಮರವ ನಾಯಕರಿಗೆ ಈ ಸೀಮೆಯನ್ನು ಒಪ್ಪಿಸಿದಾಗ ಯಾತ್ರಿಕರನ್ನು ಕಾಯುವ ಹೊಣೆಯನ್ನೂ ಒಪ್ಪಿಸಿದರು. ಆ ಮನೆತನದ ಬಿರುದು ಸೇತುಪತಿ, ಅಂದರೆ ಸೇತುವಿನ ಒಡೆಯ. ಸೇತುಪತಿಗಳೂ ತಂಜಾವೂರಿನ ಮರಾಠ ದೊರೆಗಳೂ ರಾಮೇಶ್ವರದ ದಾರಿಯುದ್ದಕ್ಕೂ ಛತ್ರಗಳನ್ನು ಕಟ್ಟಿಸಿದರು. ನೀವು ಕೇಳಿರುವ ಆ ಪ್ರಸಿದ್ಧ ಕಂಬಗಳ ಸಾಲು, ಮೂರನೆಯ ಪ್ರಾಕಾರ, ಮುತ್ತುರಾಮಲಿಂಗ ಸೇತುಪತಿಯ ಕಾಲದಲ್ಲಿ, 18ನೇ ಶತಮಾನದಲ್ಲಿ ಪೂರ್ಣಗೊಂಡದ್ದು. ನಾಲ್ಕೂ ಬದಿ ಸೇರಿ ಒಂದು ಕಿಲೋಮೀಟರಿಗೂ ಹೆಚ್ಚು ಉದ್ದ, ಸುಮಾರು 1,200 ಕಂಬಗಳು. ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಚುಕ್ಕೆಯಾಗಿ ಕಾಣುತ್ತದೆ. ದ್ವೀಪದಲ್ಲಿ ಗಟ್ಟಿ ಕಲ್ಲಿನ ಬೆಟ್ಟವಿಲ್ಲದ್ದರಿಂದ ಬೇಕಾದ ಗಟ್ಟಿ ಕಲ್ಲೆಲ್ಲ ನೀರು ದಾಟಿಯೇ ಬರಬೇಕಿತ್ತು. ಕಂಬಗಳ ಅಂದಕ್ಕಿಂತ ಆ ದೋಣಿಗಳವರ ಶ್ರಮವೇ ನನ್ನನ್ನು ಹೆಚ್ಚು ಕಾಡಿತು. ಅವರ ಹೆಸರು ಯಾವ ಶಾಸನದಲ್ಲೂ ಇರಲಿಕ್ಕಿಲ್ಲ.

ಈಗ ಬಾವಿಗಳ ಮಾತಿಗೆ ಬರೋಣ.

ಪೂರ್ವ ಗೋಪುರದಿಂದ ಕೂಗಳತೆಯಲ್ಲಿ ಕಡಲಿದೆ. ಅದಕ್ಕೆ ಅಗ್ನಿತೀರ್ಥವೆಂದು ಹೆಸರು. ಯಾತ್ರಿಕರು ಮೊದಲು ಅಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗೆ ಬಂದು 22 ತೀರ್ಥಗಳಲ್ಲಿ ಸ್ನಾನ ಮಾಡುತ್ತಾರೆ. ಇವುಗಳಲ್ಲಿ ಹೆಚ್ಚಿನವು ಬಾವಿಗಳು. ನಳ, ನೀಲ, ಗವಯ ಎಂದು ಸೇತುವೆ ಕಟ್ಟಿದ ವಾನರರ ಹೆಸರಿನವು ಕೆಲವು, ಗಂಗಾ, ಯಮುನಾ, ಗಯಾ ಎಂದು ಉತ್ತರದ ತೀರ್ಥಗಳ ಹೆಸರಿನವು ಕೆಲವು, ಕೊನೆಯದು ಕೋಟಿತೀರ್ಥ. ಬಾವಿಯ ಕಟ್ಟೆಯ ಮೇಲೆ ನಿಂತ ಆಳು ಹಗ್ಗ ಕಟ್ಟಿದ ಬಕೆಟ್ಟನ್ನು ಒಳಗೆ ಬಿಟ್ಟು, ಎರಡು ಮೂರು ಸಲ ಕೈ ಬದಲಿಸುವುದರೊಳಗೆ ಮೇಲೆಳೆದು, ತಲೆಯ ಮೇಲೆ ಸುರಿದುಬಿಡುತ್ತಾನೆ. ಮುಖ ಒರೆಸಿಕೊಳ್ಳುವುದರೊಳಗೆ ಮುಂದಿನವರ ಸರದಿ. ನೆಲವೆಲ್ಲ ನೀರು, ಓಡಬೇಡಿ, ಜಾರುತ್ತದೆ.

ನನಗೆ ಸೋಜಿಗವಾದದ್ದು ಇಷ್ಟು: ಬಕೆಟ್ಟಿಗೆ ಕಟ್ಟಿದ ಹಗ್ಗ ಉದ್ದವಿಲ್ಲ. ನೀರು ಮೇಲಿದೆ. ಕೂಗಳತೆಯಲ್ಲಿ ಕಡಲಿದ್ದರೂ ತುಟಿಗೆ ತಾಗಿದ ನೀರು ಉಪ್ಪಲ್ಲ. ಒಂದೆರಡು ಬಾವಿಗಳದು ಕೊಂಚ ಸವಳು, ಉಳಿದವು ಚಪ್ಪೆ, ಕೆಲವು ನಿಜಕ್ಕೂ ಸಿಹಿ. ಭಕ್ತರು ಇದನ್ನು ಕ್ಷೇತ್ರದ ಮಹಿಮೆ ಎನ್ನುತ್ತಾರೆ. ವಿಜ್ಞಾನ ಓದಿದ ನಾನು ಆ ಮಾತನ್ನು ಅಲ್ಲಗಳೆಯಲು ಹೊರಟಿಲ್ಲ. ಆದರೆ ಅದು ನಡೆಯುವ ಬಗೆಯನ್ನು ತಿಳಿದರೆ ನಿಮ್ಮ ಬೆರಗು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಮರಳಿನ ದ್ವೀಪದ ಮೇಲೆ ಮಳೆ ಬಿದ್ದಾಗ ನೀರು ಇಂಗುತ್ತದೆ. ಕೆಳಗೆ ಮರಳಿನ ಸಂದುಗಳಲ್ಲಿ ಆಗಲೇ ಕಡಲಿನ ನೀರು ಸೇರಿಕೊಂಡಿದೆ. ಒಂದು ಲೀಟರು ಸಿಹಿನೀರಿನ ತೂಕ ಸುಮಾರು 1,000 ಗ್ರಾಂ, ಕಡಲ ನೀರಿನದು ಸುಮಾರು 1,025 ಗ್ರಾಂ. ಹಗುರವಾದ ಮಳೆನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತದೆ. ಮರಳಿನ ಕಾಳುಗಳ ನಡುವೆ ಅಲೆಯಿಲ್ಲ, ಕಲಕುವವರಿಲ್ಲ. ಆದ್ದರಿಂದ ಎರಡೂ ಬೇಗ ಬೆರೆಯುವುದಿಲ್ಲ. ಈಗ ಒಂದು ಸಣ್ಣ ಲೆಕ್ಕ. 40 ಅಡಿ ಎತ್ತರದ ಉಪ್ಪುನೀರಿನ ಕಂಬವನ್ನು ಸರಿದೂಗಿಸಲು 41 ಅಡಿ ಎತ್ತರದ ಸಿಹಿನೀರಿನ ಕಂಬ ಬೇಕು. 40ನ್ನು 1,025ರಿಂದ, 41ನ್ನು 1,000ದಿಂದ ಗುಣಿಸಿ ನೋಡಿ, ಎರಡೂ ಒಂದೇ. ಅಂದರೆ ಕಡಲಿನ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ 40 ಅಡಿಯವರೆಗೆ ಸಿಹಿನೀರು ಇರಲು ಸಾಧ್ಯ. ದ್ವೀಪದ ನಡುವೆ ದಪ್ಪ, ಅಂಚಿನಲ್ಲಿ ತೆಳು: ಒಂದು ಮಸೂರದ ಆಕಾರ. 19ನೇ ಶತಮಾನದ ಕೊನೆಯಲ್ಲಿ ಡಚ್ ದೇಶದ ಬಾಡನ್ ಘೈಬೆನ್, 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್ ಈ ನಿಯಮವನ್ನು ಪ್ರಕಟಿಸಿದರು. ಮನೆಯಲ್ಲೇ ಒಂದು ಗಾಜಿನ ಲೋಟದಲ್ಲಿ ಉಪ್ಪುನೀರು ಹಾಕಿ, ಅದರ ಮೇಲೆ ಬಣ್ಣದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿ ನೋಡಿ.

ಲೆಕ್ಕದ ಇನ್ನೊಂದು ಮಗ್ಗುಲು ಭಯ ಹುಟ್ಟಿಸುವಂಥದು. ಒಂದಡಿ ನೀರು ನಲವತ್ತು ಅಡಿಯನ್ನು ಹಿಡಿದಿದೆ ಎಂದರೆ, ಆ ಮೇಲಿನ ಒಂದಡಿಯನ್ನು ಪಂಪು ಹಾಕಿ ಎಳೆದುಬಿಟ್ಟರೆ ಕೆಳಗಿನ ಉಪ್ಪು ಕ್ರಮೇಣ ನಲವತ್ತು ಅಡಿ ಮೇಲೇರುತ್ತದೆ. ಇಂಥ ನೆಲದಲ್ಲಿ ಆಳದ ಕೊಳವೆ ಬಾವಿ ಕೊರೆದರೆ ಬರುವುದು ಸಿಹಿನೀರಲ್ಲ, ಕಡಲು. ಆಳವಿಲ್ಲದ ಬಾವಿ ತೋಡಿ, ಮೇಲಿನ ನೀರನ್ನಷ್ಟೇ ಹಗ್ಗದಲ್ಲಿ ಸೇದುವುದೇ ಸರಿಯಾದ ಕ್ರಮ. ಹಳೆಯವರು ಒಂದೇ ದೊಡ್ಡ ಬಾವಿ ತೋಡದೆ ಸಣ್ಣ ಸಣ್ಣ ಬಾವಿಗಳನ್ನು ಹರಡಿ ತೋಡಿದರು. ಈ ನಿಯಮ ಅವರಿಗೆ ಗೊತ್ತಿತ್ತು ಎಂದು ನಾನು ವಾದಿಸುವುದಿಲ್ಲ. ಹಾಗೆ ವಾದಿಸುವ ಚಟ ನಮ್ಮಲ್ಲಿ ಹೆಚ್ಚು. ಆಳಕ್ಕೆ ಹೋದರೆ ನೀರು ಕೆಡುತ್ತದೆ ಎಂಬ ಅನುಭವ ಅವರಿಗೆ ಸಾಕಾಗಿತ್ತು.

ದ್ವೀಪದ ಬದುಕನ್ನು ಬದಲಿಸಿದ್ದು ರೈಲು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. ಹಡಗು ಬಂದಾಗ ನಡುವಿನ ಭಾಗವನ್ನು ಆಳುಗಳು ಕೈಯಿಂದ ತಿರುಗಿಸಿ ಮೇಲೆತ್ತುತ್ತಿದ್ದರು. ರೈಲು ದ್ವೀಪದ ಪೂರ್ವ ತುದಿಯ ಧನುಷ್ಕೋಟಿಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ತಲೈಮನ್ನಾರಿಗೆ, ಅಂದರೆ ಶ್ರೀಲಂಕೆಗೆ ಸಂಪರ್ಕವಿತ್ತು. ರಾಷ್ಟ್ರಪತಿಗಳಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ 1931ರಲ್ಲಿ ಹುಟ್ಟಿದ್ದು ಈ ಊರಿನಲ್ಲೇ. ಅವರ ತಂದೆ ಯಾತ್ರಿಕರನ್ನು ದೋಣಿಯಲ್ಲಿ ಧನುಷ್ಕೋಟಿಗೆ ಕರೆದೊಯ್ಯುತ್ತಿದ್ದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದನ್ನು ರದ್ದು ಮಾಡಿದಾಗ, ಓಡುವ ರೈಲಿನಿಂದ ಎಸೆದ ಪತ್ರಿಕೆಯ ಕಟ್ಟುಗಳನ್ನು ಹಿಡಿದುಕೊಡುವುದೇ ಹುಡುಗ ಕಲಾಂನ ಮೊದಲ ಸಂಪಾದನೆ.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ರೈಲು ನಿಲ್ದಾಣ ಇನ್ನೇನು ಸಿಕ್ಕಿತು ಎನ್ನುವಾಗ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಧನುಷ್ಕೋಟಿ ಊರೇ ಇಲ್ಲವಾಯಿತು. ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಅದೇ ರಾತ್ರಿ ರಾಮೇಶ್ವರ ದೇವಸ್ಥಾನದ ಪ್ರಾಕಾರಗಳಲ್ಲಿ ನೂರಾರು ಜನ ಆಶ್ರಯ ಪಡೆದಿದ್ದರು. ನೀರು ಅಲ್ಲಿಯವರೆಗೆ ಬರಲಿಲ್ಲ. ಪಾಂಬನ್ ಸೇತುವೆಯ ಬಹುತೇಕ ಗರ್ಡರುಗಳು ಕೊಚ್ಚಿಹೋದವು. ಇ. ಶ್ರೀಧರನ್ ಎಂಬ ಯುವ ಇಂಜಿನಿಯರರ ತಂಡ ಸಮುದ್ರದ ತಳದಲ್ಲಿ ಬಿದ್ದಿದ್ದ ಗರ್ಡರುಗಳನ್ನೇ ಎತ್ತಿ ಕೂರಿಸಿ 46 ದಿನಗಳಲ್ಲಿ ಸೇತುವೆಯನ್ನು ಸರಿಪಡಿಸಿತು. ಮುಂದೆ ಕೊಂಕಣ ರೈಲ್ವೆಯನ್ನು ಕಟ್ಟಿದವರೂ ಅವರೇ. 1988ರಲ್ಲಿ ರಸ್ತೆ ಸೇತುವೆ ಬಂತು. ಹಳೆಯ ರೈಲು ಸೇತುವೆಯ ಮೇಲೆ 2022ರ ಡಿಸೆಂಬರಿನಲ್ಲಿ ಓಡಾಟ ನಿಂತು, 2025ರ ಏಪ್ರಿಲ್ 6ರಂದು ಅದರ ಪಕ್ಕದಲ್ಲೇ ಹೊಸ ಸೇತುವೆ ಉದ್ಘಾಟನೆಯಾಯಿತು. ಅದರಲ್ಲಿ ಹಡಗಿಗೆ ದಾರಿ ಬಿಡುವ ಭಾಗ ಲಿಫ್ಟಿನಂತೆ ನೆಟ್ಟಗೆ ಮೇಲೇರುತ್ತದೆ.

ನಮ್ಮ ಗಿಂಡಿಯನ್ನು ಬೆಳಗಿನ ಹೊತ್ತು ದೇವಸ್ಥಾನದಲ್ಲಿ ಒಪ್ಪಿಸಿದೆ. ಬೆಸುಗೆ ಬಿಡಿಸಿ ಅಭಿಷೇಕ ಮಾಡಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಖಾಲಿ ಗಿಂಡಿ ಈಗ ನನ್ನ ಮೇಜಿನ ಮೇಲಿದೆ.

ಮಧ್ಯಾಹ್ನ ಧನುಷ್ಕೋಟಿಗೆ ಹೋದೆವು. 2017ರಿಂದ ತುದಿಯವರೆಗೂ ಒಳ್ಳೆಯ ರಸ್ತೆಯಿದೆ. ಚಾವಣಿಯಿಲ್ಲದ ಇಗರ್ಜಿ, ರೈಲು ನಿಲ್ದಾಣದ ಗೋಡೆಯ ಚೂರುಗಳು, ಎರಡೂ ಕಡೆ ಕಡಲು. ಕೆಲವು ಮೀನುಗಾರ ಕುಟುಂಬಗಳು ಇಂದಿಗೂ ಅಲ್ಲಿ ಗುಡಿಸಲು ಕಟ್ಟಿಕೊಂಡಿವೆ. ಒಬ್ಬ ಹೆಂಗಸು ಮರಳಿನಲ್ಲಿ ಮೊಣಕಾಲುದ್ದದ ಗುಂಡಿ ತೋಡಿಕೊಂಡು ಕುಳಿತಿದ್ದಳು. ನಮ್ಮ ಬಯಲುಸೀಮೆಯವರು ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡುವ ಒರತೆಯಂಥದೇ. ಜಿನುಗಿದ ನೀರನ್ನು ಸಣ್ಣ ಬಟ್ಟಲಿನಿಂದ ಕಲಕದಂತೆ ತೆಗೆದು ಕೊಡಕ್ಕೆ ತುಂಬುತ್ತಿದ್ದಳು. ಕಡಲು ಅಲ್ಲಿಂದ ನೂರು ಹೆಜ್ಜೆಯೂ ಇಲ್ಲ. ನಮ್ಮ ಧ್ವನಿಗ್ರಾಹಕ "ಅಕ್ಕಾ, ಸ್ವಲ್ಪ ಕುಡಿಯಬಹುದಾ?" ಎಂದು ಸನ್ನೆಯಲ್ಲಿ ಕೇಳಿದ. ಅವಳು ಬಟ್ಟಲು ಚಾಚಿದಳು. ಅವನು ಕುಡಿದು ನನ್ನ ಮುಖ ನೋಡಿದ. ಇನ್ನೊಂದು ಬಟ್ಟಲು ಕೇಳಿದಾಗ ಆಕೆ ಗುಂಡಿಯತ್ತ ಕೈ ತೋರಿಸಿ, ಸ್ವಲ್ಪ ತಾಳಿ, ಊರಬೇಕು ಎಂಬಂತೆ ಕೈಯಾಡಿಸಿದಳು. ನಾವು ಅಲ್ಲೇ ಮರಳಿನ ಮೇಲೆ ಕುಳಿತು ಕಾದೆವು.