ಮಾರ್ಟಿನ್ ಮಾರ್‌ಪ್ರೆಲೇಟ್ ವಿವಾದ

ಮಾರ್ಟಿನ್ ಮಾರ್‌ಪ್ರೆಲೇಟ್ ವಿವಾದವು ೧೫೮೮ ಮತ್ತು ೧೫೮೯ರಲ್ಲಿ ಇಂಗ್ಲೆಂಡಿನಲ್ಲಿ ರಹಸ್ಯವಾಗಿ ಅಚ್ಚಾದ ಏಳು ಕರಪತ್ರಗಳಿಂದ ಹುಟ್ಟಿದ ಧಾರ್ಮಿಕ ಹಾಗೂ ರಾಜಕೀಯ ವಾಗ್ವಾದವಾಗಿದೆ. ಮಾರ್ಟಿನ್ ಮಾರ್‌ಪ್ರೆಲೇಟ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಈ ಕರಪತ್ರಗಳು ಇಂಗ್ಲೆಂಡಿನ ಚರ್ಚಿನಲ್ಲಿ ಬಿಷಪ್‌ಗಳಿಗಿದ್ದ ಅಧಿಕಾರವನ್ನು ವಿಡಂಬನೆಯ ಮೂಲಕ ಖಂಡಿಸಿದವು. ‘ಮಾರ್’ ಎಂದರೆ ಕೆಡಿಸು, ‘ಪ್ರೆಲೇಟ್’ ಎಂದರೆ ಚರ್ಚಿನ ಉನ್ನತಾಧಿಕಾರಿ. ಹೀಗಾಗಿ ಬಿಷಪ್‌ಗಳ ಪಾಲಿಗೆ ಕಂಟಕನಾದವನು ಎಂಬುದು ಈ ಹೆಸರಿನ ಧ್ವನಿ. ‘ಮಾರ್ಟಿನ್’ ಎಂಬುದು ಧರ್ಮಸುಧಾರಕ ಮಾರ್ಟಿನ್ ಲೂಥರನನ್ನೂ ನೆನಪಿಸುತ್ತದೆ. ಮುದ್ರಣದ ಮೇಲಿನ ಸರ್ಕಾರಿ ನಿಯಂತ್ರಣ, ವಿಡಂಬನ ಗದ್ಯದ ಬೆಳವಣಿಗೆ ಮತ್ತು ಸಾರ್ವಜನಿಕ ಚರ್ಚೆಯ ಇತಿಹಾಸಗಳಲ್ಲಿ ಈ ವಿವಾದಕ್ಕೆ ಮಹತ್ವದ ಸ್ಥಾನವಿದೆ.

ಹಿನ್ನೆಲೆ

೧೫೫೯ರಲ್ಲಿ ಮೊದಲನೆಯ ಎಲಿಜಬೆತ್ ರಾಣಿಯ ಸರ್ಕಾರವು ಎರಡು ಶಾಸನಗಳನ್ನು ಜಾರಿಗೆ ತಂದಿತು. ಇವುಗಳ ಪ್ರಕಾರ ರಾಣಿಯೇ ಚರ್ಚಿನ ಪರಮಾಧಿಕಾರಿಯಾದಳು ಮತ್ತು ದೇಶದಾದ್ಯಂತ ಒಂದೇ ಬಗೆಯ ಪ್ರಾರ್ಥನಾ ವಿಧಿ ಕಡ್ಡಾಯವಾಯಿತು. ಸಿದ್ಧಾಂತದಲ್ಲಿ ಪ್ರಾಟೆಸ್ಟೆಂಟ್ ಆಗಿದ್ದ ಈ ಚರ್ಚು ಬಿಷಪ್‌ಗಳ ಶ್ರೇಣಿಯನ್ನು ಹಿಂದಿನಂತೆಯೇ ಉಳಿಸಿಕೊಂಡಿತು. ಸುಧಾರಣೆ ಅರ್ಧಕ್ಕೇ ನಿಂತಿತೆಂದು ಭಾವಿಸಿದವರು ಪ್ಯೂರಿಟನ್ನರು ಎನಿಸಿಕೊಂಡರು. ಅವರಲ್ಲಿ ಪ್ರೆಸ್ಬಿಟೀರಿಯನ್ ಪಂಥದವರು ಬಿಷಪ್ ಪದವಿಗೆ ಬೈಬಲಿನ ಆಧಾರವಿಲ್ಲವೆಂದೂ, ಸಮಾನಸ್ಥಾನದ ಪಾದ್ರಿಗಳು ಮತ್ತು ಹಿರಿಯರ ಸಭೆಗಳೇ ಚರ್ಚನ್ನು ನಡೆಸಬೇಕೆಂದೂ ವಾದಿಸಿದರು. ೧೫೭೦ರಲ್ಲಿ ಕೇಂಬ್ರಿಜ್‌ನಲ್ಲಿ ಥಾಮಸ್ ಕಾರ್ಟ್‌ರೈಟ್ ನೀಡಿದ ಉಪನ್ಯಾಸಗಳೂ ೧೫೭೨ರಲ್ಲಿ ಜಾನ್ ಫೀಲ್ಡ್ ಮತ್ತು ಥಾಮಸ್ ವಿಲ್ಕಾಕ್ಸ್ ಪ್ರಕಟಿಸಿದ ‘ಪಾರ್ಲಿಮೆಂಟಿಗೆ ಎಚ್ಚರಿಕೆ’ ಎಂಬ ಕರಪತ್ರವೂ ಈ ವಾದವನ್ನು ಬಹಿರಂಗಕ್ಕೆ ತಂದವು.

ರಾಣಿಯು ಬಿಷಪ್‌ಗಳ ಮೂಲಕವೇ ಚರ್ಚನ್ನು ಆಳುತ್ತಿದ್ದುದರಿಂದ ಈ ಪ್ರಶ್ನೆ ಕೇವಲ ಧಾರ್ಮಿಕವಾಗಿ ಉಳಿಯಲಿಲ್ಲ. ಬಿಷಪ್‌ಗಳ ಅಧಿಕಾರವನ್ನು ಅಲ್ಲಗಳೆಯುವುದು ರಾಜಾಧಿಕಾರವನ್ನೇ ಅಲ್ಲಗಳೆದಂತೆ ಎಂಬುದು ಆಡಳಿತದ ನಿಲುವಾಗಿತ್ತು. ೧೫೮೩ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ಜಾನ್ ವಿಟ್‌ಗಿಫ್ಟ್, ಎಲ್ಲ ಪಾದ್ರಿಗಳೂ ನಿಗದಿತ ನಿಬಂಧನೆಗಳಿಗೆ ಸಹಿ ಹಾಕಬೇಕೆಂದು ವಿಧಿಸಿದನು. ಒಪ್ಪದ ಅನೇಕರು ಅಮಾನತಿಗೆ ಒಳಗಾದರು.

೧೫೮೬ರಲ್ಲಿ ಸ್ಟಾರ್ ಚೇಂಬರ್ ನ್ಯಾಯಸಭೆಯ ಆಜ್ಞೆಯು ಮುದ್ರಣವನ್ನು ಲಂಡನ್ ಹಾಗೂ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೆ ಸೀಮಿತಗೊಳಿಸಿತು. ಪುಸ್ತಕಗಳಿಗೆ ಪರವಾನಗಿ ನೀಡುವ ಅಧಿಕಾರವನ್ನು ಮುಖ್ಯವಾಗಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಮತ್ತು ಲಂಡನ್ನಿನ ಬಿಷಪ್‌ಗೆ ವಹಿಸಲಾಯಿತು. ಅಂದರೆ ಬಿಷಪ್‌ಗಳನ್ನು ಟೀಕಿಸುವ ಪುಸ್ತಕಕ್ಕೆ ಬಿಷಪ್‌ಗಳಿಂದಲೇ ಅನುಮತಿ ಪಡೆಯಬೇಕಾಗಿತ್ತು. ೧೫೮೮ರ ಏಪ್ರಿಲ್‌ನಲ್ಲಿ, ಜಾನ್ ಯೂಡಲ್ ಎಂಬ ಪಾದ್ರಿಯ ಕೃತಿಯನ್ನು ಅಚ್ಚು ಮಾಡಿದ ಕಾರಣಕ್ಕೆ ರಾಬರ್ಟ್ ವಾಲ್ಡ್‌ಗ್ರೇವ್ ಎಂಬ ಮುದ್ರಕನ ಯಂತ್ರ ಮತ್ತು ಅಚ್ಚುಮೊಳೆಗಳನ್ನು ವಶಪಡಿಸಿಕೊಂಡು ನಾಶಪಡಿಸಲಾಯಿತು. ಜೀವನೋಪಾಯ ಕಳೆದುಕೊಂಡ ಈತನೇ ಮಾರ್‌ಪ್ರೆಲೇಟ್ ಕರಪತ್ರಗಳ ಮೊದಲ ಮುದ್ರಕನಾದನು.

ಏಳು ಕರಪತ್ರಗಳು

ಸ್ಯಾಲಿಸ್‌ಬರಿಯ ಡೀನ್ ಆಗಿದ್ದ ಜಾನ್ ಬ್ರಿಜಸ್ ೧೫೮೭ರಲ್ಲಿ ಚರ್ಚಿನ ಆಡಳಿತವನ್ನು ಸಮರ್ಥಿಸಿ ೧,೪೦೦ಕ್ಕೂ ಹೆಚ್ಚು ಪುಟಗಳ ಬೃಹದ್ಗ್ರಂಥವನ್ನು ಪ್ರಕಟಿಸಿದ್ದನು. ಅದಕ್ಕೆ ಉತ್ತರವೆಂಬ ನೆಪದಲ್ಲಿ ಮಾರ್‌ಪ್ರೆಲೇಟ್ ಕರಪತ್ರಗಳು ಆರಂಭವಾದವು. ಅವು ಹೊರಬಂದ ಕ್ರಮ ಹೀಗಿದೆ:

೧. ಎಪಿಸಲ್ (ಪತ್ರ): ಅಕ್ಟೋಬರ್ ೧೫೮೮, ಈಸ್ಟ್ ಮೋಲ್ಸಿ
೨. ಎಪಿಟಮಿ (ಸಾರಸಂಗ್ರಹ): ನವೆಂಬರ್ ೧೫೮೮, ಫಾಸ್ಲಿ
೩. ಸ್ಕೂಲ್‌ಪಾಯಿಂಟ್ಸ್ (ಒಂದೇ ಹಾಳೆಯ ಪ್ರಕಟಣೆ): ಫೆಬ್ರವರಿ ೧೫೮೯, ಕವೆಂಟ್ರಿ
೪. ಹೇ ಎನಿ ವರ್ಕ್ ಫಾರ್ ಕೂಪರ್: ಮಾರ್ಚ್ ೧೫೮೯, ಕವೆಂಟ್ರಿ
೫. ಥೀಸಿಸ್ ಮಾರ್ಟಿನಿಯಾನೆ: ಜುಲೈ ೧೫೮೯, ವುಲ್ಸ್ಟನ್
೬. ಜಸ್ಟ್ ಸೆನ್ಷರ್ ಅಂಡ್ ರಿಪ್ರೂಫ್: ಜುಲೈ ೧೫೮೯, ವುಲ್ಸ್ಟನ್
೭. ಪ್ರೊಟೆಸ್ಟೇಷನ್ (ಘೋಷಣೆ): ಸೆಪ್ಟೆಂಬರ್ ೧೫೮೯, ವುಲ್ಸ್ಟನ್

ನಾಲ್ಕನೆಯ ಕರಪತ್ರದ ಹೆಸರು ಲಂಡನ್ನಿನ ಬೀದಿಗಳಲ್ಲಿ ಪೀಪಾಯಿ ಕಟ್ಟುವವರು ಕೆಲಸ ಕೇಳಿ ಕೂಗುತ್ತಿದ್ದ ಮಾತು. ‘ಕೂಪರ್’ ಎಂದರೆ ಪೀಪಾಯಿ ಕಟ್ಟುವವನು. ವಿಂಚೆಸ್ಟರಿನ ಬಿಷಪ್ ಥಾಮಸ್ ಕೂಪರ್ ೧೫೮೯ರ ಜನವರಿಯಲ್ಲಿ ಮಾರ್ಟಿನ್‌ನ ಆರೋಪಗಳಿಗೆ ಒಂದೊಂದಾಗಿ ಉತ್ತರ ಕೊಟ್ಟು ಪುಸ್ತಕ ಬರೆದಿದ್ದರಿಂದ ಈ ಶ್ಲೇಷೆ ಹುಟ್ಟಿತು. ಐದು ಮತ್ತು ಆರನೆಯ ಕರಪತ್ರಗಳು ಮಾರ್ಟಿನ್‌ನ ಪುತ್ರರೆಂದು ಹೇಳಿಕೊಳ್ಳುವ ಕಿರಿಯ ಮತ್ತು ಹಿರಿಯ ಮಾರ್ಟಿನ್ನರ ಹೆಸರಿನಲ್ಲಿವೆ.

ಶೈಲಿ

ಬಿಷಪ್‌ಗಳ ವಿರುದ್ಧದ ವಾದಗಳು ಮಾರ್‌ಪ್ರೆಲೇಟನಿಗಿಂತ ಮೊದಲೇ ಪ್ರಚಲಿತವಾಗಿದ್ದವು. ಹೊಸದಾಗಿದ್ದುದು ಅವುಗಳನ್ನು ಹೇಳಿದ ರೀತಿ. ಅದುವರೆಗಿನ ಧಾರ್ಮಿಕ ವಾದಗ್ರಂಥಗಳು ಗಂಭೀರ ಶೈಲಿಯಲ್ಲಿದ್ದು, ಎದುರಾಳಿಯ ವಾಕ್ಯಗಳನ್ನು ಎತ್ತಿಕೊಂಡು ಶಾಸ್ತ್ರೀಯವಾಗಿ ಖಂಡಿಸುತ್ತಿದ್ದವು. ಮಾರ್ಟಿನ್ ಆಡುಮಾತು, ಗಾದೆ, ಶ್ಲೇಷೆ ಮತ್ತು ಕಟ್ಟುಕಥೆಗಳನ್ನು ಬಳಸಿದನು. ರಂಗದ ಮೇಲಿನ ವಿದೂಷಕನಂತೆ ನಡುನಡುವೆ ನಗುವುದು, ಓದುಗರು ಅಡ್ಡಮಾತು ಆಡಿದಂತೆ ಪುಟದ ಅಂಚಿನಲ್ಲಿ ಟಿಪ್ಪಣಿ ಹಾಕುವುದು ಈ ಬರಹಗಳ ಲಕ್ಷಣಗಳು. ಆರ್ಚ್‌ಬಿಷಪ್‌ನನ್ನು ಪೋಪನಿಗೆ ಹೋಲಿಸಲಾಯಿತು. ಲಂಡನ್ನಿನ ಬಿಷಪ್ ಜಾನ್ ಐಲ್ಮರ್ ಕಳವಾದ ಬಟ್ಟೆಯನ್ನು ವಾರಸುದಾರರಿಗೆ ಹಿಂದಿರುಗಿಸಲಿಲ್ಲ, ಭಾನುವಾರದಂದು ಚೆಂಡಾಟವಾಡಿದ ಎಂಬಂತಹ ವೈಯಕ್ತಿಕ ಆರೋಪಗಳನ್ನೂ ಹೊರಿಸಲಾಯಿತು. ಪಂಡಿತರ ನಡುವಿನ ವಿಷಯವಾಗಿದ್ದ ಚರ್ಚಿನ ಆಡಳಿತ ಇದರಿಂದ ಅಂಗಡಿಬೀದಿಯ ಮಾತಾಯಿತು. ಅಧಿಕಾರಿಗಳನ್ನು ಹೆಚ್ಚು ಕೆರಳಿಸಿದ್ದು ಇದೇ.

ಪ್ಯೂರಿಟನ್ನರಲ್ಲೂ ಹಲವರಿಗೆ ಈ ಶೈಲಿ ಸರಿಬೀಳಲಿಲ್ಲ. ಧರ್ಮದ ವಿಷಯದಲ್ಲಿ ಹಾಸ್ಯ ಸಲ್ಲದೆಂದು ಅವರು ಭಾವಿಸಿದರು. ಕಾರ್ಟ್‌ರೈಟ್ ತನಗೂ ಮಾರ್ಟಿನ್‌ಗೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಿದನು.

ರಹಸ್ಯ ಮುದ್ರಣಾಲಯ

ಮುದ್ರಣಯಂತ್ರವು ಮೊದಲು ಕಿಂಗ್‌ಸ್ಟನ್ ಸಮೀಪದ ಈಸ್ಟ್ ಮೋಲ್ಸಿಯಲ್ಲಿ ಎಲಿಜಬೆತ್ ಕ್ರೇನ್ ಎಂಬ ಮಹಿಳೆಯ ಮನೆಯಲ್ಲಿತ್ತು. ಅಲ್ಲಿಂದ ನಾರ್ಥಾಂಪ್ಟನ್‌ಷೈರಿನ ಫಾಸ್ಲಿಯಲ್ಲಿದ್ದ ಸರ್ ರಿಚರ್ಡ್ ನೈಟ್ಲಿಯ ಬಂಗಲೆಗೂ, ನಂತರ ಕವೆಂಟ್ರಿಯಲ್ಲಿ ಜಾನ್ ಹೇಲ್ಸ್‌ನ ಮನೆಗೂ, ಕೊನೆಗೆ ವುಲ್ಸ್ಟನ್‌ನ ರೋಜರ್ ವಿಗ್‌ಸ್ಟನ್‌ನ ಮನೆಗೂ ಸಾಗಿತು. ಫಾಸ್ಲಿಯ ಸೇವಕರಿಗೆ, ಬಂದಿರುವವನು ಯಜಮಾನನ ದಸ್ತಾವೇಜುಗಳನ್ನು ಜೋಡಿಸುತ್ತಿದ್ದಾನೆಂದು ಹೇಳಲಾಗಿತ್ತು. ವುಲ್ಸ್ಟನ್‌ನಲ್ಲಿ ಮುದ್ರಕರು ಕಸೂತಿ ಕೆಲಸಗಾರರೆಂದು ನಂಬಿಸಲಾಗಿತ್ತು. ವೇಲ್ಸ್ ಮೂಲದ ಯುವ ಬೋಧಕ ಜಾನ್ ಪೆನ್ರಿ ಇಡೀ ವ್ಯವಸ್ಥೆಯನ್ನು ನೋಡಿಕೊಂಡನು. ನಾರ್ಥಾಂಪ್ಟನ್ನಿನ ಪುಸ್ತಕಕಟ್ಟುಗಾರ ಹೆನ್ರಿ ಷಾರ್ಪ್ ಹಾಳೆಗಳನ್ನು ಹೊಲಿದರೆ, ಚಮ್ಮಾರ ಹಂಫ್ರಿ ನ್ಯೂಮನ್ ಪ್ರತಿಗಳನ್ನು ಹಂಚಿದನು.

೧೫೮೯ರ ವಸಂತದಲ್ಲಿ ವಾಲ್ಡ್‌ಗ್ರೇವ್ ಈ ಕೆಲಸವನ್ನು ಬಿಟ್ಟನು. ಅವನ ಸ್ಥಾನಕ್ಕೆ ಜಾನ್ ಹಾಡ್ಜ್‌ಕಿನ್ಸ್ ಎಂಬಾತ ವ್ಯಾಲೆಂಟೈನ್ ಸಿಮ್ಸ್ ಮತ್ತು ಆರ್ಥರ್ ಟಾಮ್ಲಿನ್ ಎಂಬ ಸಹಾಯಕರೊಂದಿಗೆ ಬಂದನು. ವುಲ್ಸ್ಟನ್‌ನಲ್ಲಿ ಎರಡು ಕರಪತ್ರಗಳನ್ನು ಮುಗಿಸಿದ ಬಳಿಕ ಇವರು ಮ್ಯಾಂಚೆಸ್ಟರ್ ಕಡೆಗೆ ಹೊರಟರು. ದಾರಿಯಲ್ಲಿ ವಾರಿಂಗ್‌ಟನ್ ಎಂಬಲ್ಲಿ ಗಾಡಿಯಿಂದ ಸಾಮಾನು ಇಳಿಸುವಾಗ ಕೆಲವು ಅಚ್ಚುಮೊಳೆಗಳು ನೆಲಕ್ಕೆ ಬಿದ್ದವು. ಅವು ಬಂದೂಕಿನ ಚರೆಗಳೆಂದು ಹಾಡ್ಜ್‌ಕಿನ್ಸ್ ನೋಡುಗರಿಗೆ ಸಮಜಾಯಿಷಿ ನೀಡಿದನು. ೧೫೮೯ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಬಳಿಯ ನ್ಯೂಟನ್ ಲೇನ್‌ನಲ್ಲಿ ಮತ್ತೊಂದು ಕರಪತ್ರವನ್ನು ಮುದ್ರಿಸುತ್ತಿದ್ದಾಗ ಡರ್ಬಿಯ ಅರ್ಲ್‌ನ ಕಡೆಯವರು ಮೂವರನ್ನೂ ಬಂಧಿಸಿದರು. ಕೊನೆಯ ಕರಪತ್ರವಾದ ‘ಪ್ರೊಟೆಸ್ಟೇಷನ್’ ಈ ಬಂಧನದ ನಂತರ ಬೇರೊಂದು ಯಂತ್ರದಲ್ಲಿ ಅಚ್ಚಾಯಿತು. ಅದರ ಆರಂಭದ ಪುಟಗಳ ಒರಟು ಮುದ್ರಣವು ಪಳಗದ ಕೈಗಳ ಕೆಲಸವೆಂಬುದನ್ನು ತೋರಿಸುತ್ತದೆ.

ಸರ್ಕಾರ ಮತ್ತು ಚರ್ಚಿನ ಪ್ರತಿಕ್ರಿಯೆ

೧೫೮೯ರ ಫೆಬ್ರವರಿ ೯ರಂದು ರಿಚರ್ಡ್ ಬ್ಯಾನ್‌ಕ್ರಾಫ್ಟ್ ಲಂಡನ್ನಿನ ಪಾಲ್ಸ್ ಕ್ರಾಸ್‌ನಲ್ಲಿ ಪ್ಯೂರಿಟನ್ನರನ್ನು ಖಂಡಿಸಿ ಪ್ರವಚನ ನೀಡಿದನು. ಅದೇ ತಿಂಗಳು ೧೩ರಂದು ಈ ಕರಪತ್ರಗಳ ವಿರುದ್ಧ ರಾಜಘೋಷಣೆ ಹೊರಟಿತು. ಕೂಪರನ ಗಂಭೀರ ಉತ್ತರ ಫಲಕಾರಿಯಾಗದಿದ್ದಾಗ, ಮಾರ್ಟಿನ್‌ನ ಶೈಲಿಯಲ್ಲೇ ಅವನಿಗೆ ಉತ್ತರಿಸಲು ವೃತ್ತಿಪರ ಲೇಖಕರನ್ನು ತೊಡಗಿಸಲಾಯಿತು. ಜಾನ್ ಲಿಲಿ ‘ಪ್ಯಾಪ್ ವಿತ್ ಆ್ಯನ್ ಹ್ಯಾಚೆಟ್’ ಎಂಬ ಕೃತಿಯನ್ನು ಬರೆದನು. ‘ಆ್ಯನ್ ಆಲ್ಮಂಡ್ ಫಾರ್ ಎ ಪ್ಯಾರಟ್’ ಎಂಬ ಕರಪತ್ರವನ್ನು ಸಾಮಾನ್ಯವಾಗಿ ಥಾಮಸ್ ನ್ಯಾಷ್‌ನದೆಂದು ಗುರುತಿಸಲಾಗುತ್ತದೆ. ಲಂಡನ್ನಿನ ರಂಗಮಂದಿರಗಳಲ್ಲಿ ಮಾರ್ಟಿನ್‌ನನ್ನು ಗೇಲಿ ಮಾಡುವ ನಾಟಕಗಳೂ ನಡೆದವು. ಆದರೆ ಧರ್ಮ ಹಾಗೂ ರಾಜ್ಯದ ವಿಷಯಗಳು ರಂಗದ ಮೇಲೆ ಬರುವುದನ್ನು ಇಷ್ಟಪಡದ ಸರ್ಕಾರ ಕೊನೆಗೆ ಅವನ್ನೂ ತಡೆಯಿತು.

ಎರಡೂ ಪಕ್ಷಗಳ ಬೈಗುಳವನ್ನು ಒಪ್ಪದ ಫ್ರಾನ್ಸಿಸ್ ಬೇಕನ್ ೧೫೮೯ರ ಸುಮಾರಿಗೆ ಈ ಕುರಿತು ಒಂದು ಪ್ರಬಂಧ ಬರೆದನು. ಧರ್ಮದ ವಿಷಯವನ್ನು ರಂಗದ ಹಾಸ್ಯದಂತೆ ನಿರೂಪಿಸುವುದನ್ನು ಅದರಲ್ಲಿ ಖಂಡಿಸಿ, ಬಿಷಪ್‌ಗಳ ನಡವಳಿಕೆಯಲ್ಲಿಯೂ ದೋಷಗಳಿವೆಯೆಂದು ಸೂಚಿಸಿದನು. ಈ ಪ್ರಬಂಧ ಅವನ ಜೀವಿತಕಾಲದಲ್ಲಿ ಅಚ್ಚಾಗಲಿಲ್ಲ.

ವಿಚಾರಣೆ ಮತ್ತು ಶಿಕ್ಷೆ

ಬಂಧಿತ ಮುದ್ರಕರಿಗೆ ಚಿತ್ರಹಿಂಸೆ ನೀಡಲು ಪ್ರಿವಿ ಕೌನ್ಸಿಲ್ ಅನುಮತಿಸಿತು. ೧೫೮೯ರ ಅಕ್ಟೋಬರ್‌ನಲ್ಲಿ ಹೆನ್ರಿ ಷಾರ್ಪ್ ನೀಡಿದ ಹೇಳಿಕೆಯಿಂದ ಜಾಲದ ಬಹುಪಾಲು ವಿವರ ಬಯಲಾಯಿತು. ಆಶ್ರಯ ನೀಡಿದ್ದ ನೈಟ್ಲಿ, ಹೇಲ್ಸ್ ಮತ್ತು ವಿಗ್‌ಸ್ಟನ್ ದಂಪತಿಗಳಿಗೆ ೧೫೯೦ರಲ್ಲಿ ಸ್ಟಾರ್ ಚೇಂಬರ್ ಭಾರಿ ದಂಡ ವಿಧಿಸಿತು. ನೈಟ್ಲಿಯ ದಂಡ ೨,೦೦೦ ಪೌಂಡುಗಳಾಗಿತ್ತು. ಎಲಿಜಬೆತ್ ಕ್ರೇನ್ ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಲು ನಿರಾಕರಿಸಿದಳು.

ಯೂಡಲ್‌ಗೆ ತನ್ನದೇ ಇನ್ನೊಂದು ಕೃತಿಯ ಕಾರಣಕ್ಕೆ ಮರಣದಂಡನೆ ವಿಧಿಸಲಾಯಿತು. ಅದು ಜಾರಿಯಾಗದಿದ್ದರೂ, ಕ್ಷಮಾದಾನ ದೊರೆತ ಸ್ವಲ್ಪ ಕಾಲದಲ್ಲೇ ಆತ ತೀರಿಕೊಂಡನು. ಕಾರ್ಟ್‌ರೈಟ್ ಮತ್ತು ಕೆಲವು ಪ್ರೆಸ್ಬಿಟೀರಿಯನ್ ಪಾದ್ರಿಗಳು ಸೆರೆವಾಸ ಅನುಭವಿಸಿದರು. ಸ್ಕಾಟ್ಲೆಂಡಿಗೆ ತಪ್ಪಿಸಿಕೊಂಡಿದ್ದ ಪೆನ್ರಿ ೧೫೯೨ರಲ್ಲಿ ಹಿಂದಿರುಗಿ, ಲಂಡನ್ನಿನ ಪ್ರತ್ಯೇಕತಾವಾದಿ ಸಭೆಯನ್ನು ಸೇರಿದನು. ಸ್ಕಾಟ್ಲೆಂಡಿನಲ್ಲಿದ್ದಾಗ ಬರೆದಿಟ್ಟುಕೊಂಡಿದ್ದ ಅಪ್ರಕಟಿತ ಕರಡುಗಳನ್ನೇ ರಾಜದ್ರೋಹದ ಸಾಕ್ಷ್ಯವಾಗಿ ಬಳಸಿ, ೧೫೯೩ರ ಮೇ ೨೯ರಂದು ಅವನನ್ನು ಗಲ್ಲಿಗೇರಿಸಲಾಯಿತು. ನಾಲ್ವರು ಚಿಕ್ಕ ಹೆಣ್ಣುಮಕ್ಕಳನ್ನು ಅವನು ಅಗಲಿದನು. ವಾಲ್ಡ್‌ಗ್ರೇವ್ ಮಾತ್ರ ಎಡಿನ್‌ಬರೊ ಸೇರಿ, ೧೫೯೦ರಲ್ಲಿ ಆರನೆಯ ಜೇಮ್ಸ್ ದೊರೆಯ ಅಧಿಕೃತ ಮುದ್ರಕನಾದನು.

ಕರ್ತೃತ್ವ

ಮಾರ್ಟಿನ್ ಯಾರೆಂಬುದು ಸಮಕಾಲೀನರಿಗೆ ಖಚಿತವಾಗಲಿಲ್ಲ. ಪೆನ್ರಿಯೇ ಕರ್ತೃವೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ತಾನು ಮಾರ್ಟಿನ್ ಅಲ್ಲವೆಂದು ಅವನು ಹೇಳಿದ್ದನು. ಲೀಲಂಡ್ ಕಾರ್ಲ್‌ಸನ್ ೧೯೮೧ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಿಕ್‌ಷೈರಿನ ಹೇಸ್ಲಿಯ ಜಮೀನುದಾರ ಹಾಗೂ ಪಾರ್ಲಿಮೆಂಟ್ ಸದಸ್ಯ ಜಾಬ್ ಥ್ರಾಕ್‌ಮಾರ್ಟನ್ ಪ್ರಧಾನ ಲೇಖಕನೆಂದು ವಾದಿಸಿದನು. ಇಂದು ಬಹುತೇಕ ವಿದ್ವಾಂಸರು ಇದನ್ನು ಒಪ್ಪುತ್ತಾರೆ. ಥ್ರಾಕ್‌ಮಾರ್ಟನ್‌ನ ಮನೆಯ ಸಮೀಪ ಪೆನ್ರಿಯೊಂದಿಗೆ ನಡೆದುಹೋಗುತ್ತಿದ್ದ ಹಾಡ್ಜ್‌ಕಿನ್ಸ್‌ಗೆ ಮುಂದಿನ ಕರಪತ್ರದ ಹಸ್ತಪ್ರತಿಯ ಭಾಗ ದಾರಿಯಲ್ಲಿ ಬಿದ್ದಿದ್ದು ಸಿಕ್ಕಿತೆಂಬ ಹೇಳಿಕೆ ಇದಕ್ಕೊಂದು ಪೂರಕ ಸಾಕ್ಷ್ಯ. ಥ್ರಾಕ್‌ಮಾರ್ಟನ್ ತಾಂತ್ರಿಕ ಕಾರಣದಿಂದ ಶಿಕ್ಷೆಯಿಂದ ಪಾರಾದನು.

ಪರಿಣಾಮ ಮತ್ತು ಮಹತ್ವ

ತಕ್ಷಣದ ಫಲಿತಾಂಶದಲ್ಲಿ ಮಾರ್ಟಿನ್‌ನ ಪಕ್ಷ ಸೋತಿತು. ಸಂಘಟಿತ ಪ್ರೆಸ್ಬಿಟೀರಿಯನ್ ಚಳವಳಿ ೧೫೯೦ರ ದಶಕದಲ್ಲಿ ಕುಸಿಯಿತು. ೧೫೯೩ರಲ್ಲಿ ಚರ್ಚಿಗೆ ಬಾರದ ಪ್ರತ್ಯೇಕತಾವಾದಿಗಳ ವಿರುದ್ಧ ಕಠಿಣ ಶಾಸನ ಬಂದಿತು. ಅದೇ ವರ್ಷ ರಿಚರ್ಡ್ ಹೂಕರ್ ಚರ್ಚಿನ ವ್ಯವಸ್ಥೆಯನ್ನು ಸಂಯಮದ ಗದ್ಯದಲ್ಲಿ ಸಮರ್ಥಿಸುವ ತನ್ನ ಪ್ರಸಿದ್ಧ ಗ್ರಂಥದ ಮೊದಲ ನಾಲ್ಕು ಭಾಗಗಳನ್ನು ಪ್ರಕಟಿಸಿದನು. ೧೫೯೯ರಲ್ಲಿ ಬಿಷಪ್‌ಗಳು ಹೊರಡಿಸಿದ ಆಜ್ಞೆಯು ವಿಡಂಬನ ಕೃತಿಗಳನ್ನು ನಿಷೇಧಿಸಿತು. ಹಿಂದೆ ಬಿಷಪ್‌ಗಳ ಪರವಾಗಿ ಬರೆದಿದ್ದ ನ್ಯಾಷ್‌ನ ಪುಸ್ತಕಗಳೂ ಈ ನಿಷೇಧಕ್ಕೆ ಒಳಪಟ್ಟವು.

ಆದರೆ ಮಾರ್ಟಿನ್‌ನ ಹೆಸರು ಅಳಿಯಲಿಲ್ಲ. ೧೬೪೧ರಲ್ಲಿ ಸ್ಟಾರ್ ಚೇಂಬರ್ ರದ್ದಾಗಿ ಮುದ್ರಣದ ಮೇಲಿನ ಹಿಡಿತ ಸಡಿಲಗೊಂಡಾಗ ಇಂಗ್ಲೆಂಡಿನಲ್ಲಿ ಕರಪತ್ರಗಳ ಪ್ರವಾಹವೇ ಹರಿಯಿತು. ಲಂಡನ್ನಿನ ಪುಸ್ತಕ ವ್ಯಾಪಾರಿ ಜಾರ್ಜ್ ಥಾಮಸನ್ ೧೬೪೦ರಿಂದ ೧೬೬೧ರವರೆಗೆ ಸಂಗ್ರಹಿಸಿದ ಮುದ್ರಿತ ಪ್ರಕಟಣೆಗಳೇ ೨೨,೦೦೦ಕ್ಕಿಂತ ಹೆಚ್ಚು. ‘ಹೇ ಎನಿ ವರ್ಕ್ ಫಾರ್ ಕೂಪರ್’ ೧೬೪೨ರಲ್ಲಿ ಮರುಮುದ್ರಣಗೊಂಡಿತು. ಲೆವೆಲರ್ ಚಳವಳಿಯ ನಾಯಕ ರಿಚರ್ಡ್ ಓವರ್‌ಟನ್ ೧೬೪೫ರಲ್ಲಿ ‘ಮಾರ್‌ಪ್ರೀಸ್ಟ್’ ಎಂಬ ಹೆಸರಿನಲ್ಲಿ ಬರೆದನು. ಈ ಬಾರಿ ಅವನ ಗುರಿ ಬಿಷಪ್‌ಗಳಾಗಿರದೆ, ಅಧಿಕಾರಕ್ಕೆ ಬಂದು ಇತರರ ಬಾಯಿ ಮುಚ್ಚಿಸಲು ಹೊರಟಿದ್ದ ಪ್ರೆಸ್ಬಿಟೀರಿಯನ್ನರೇ ಆಗಿದ್ದರು. ೧೬೪೩ರಲ್ಲಿ ಪಾರ್ಲಿಮೆಂಟ್ ಪರವಾನಗಿ ಪದ್ಧತಿಯನ್ನು ಮರಳಿ ತಂದಿತ್ತು. ಅದನ್ನು ವಿರೋಧಿಸಿ ಜಾನ್ ಮಿಲ್ಟನ್ ೧೬೪೪ರಲ್ಲಿ ಪ್ರಕಟಿಸಿದ ‘ಏರಿಯೊಪೆಜಿಟಿಕ’ವೂ ಪರವಾನಗಿಯಿಲ್ಲದೆಯೇ ಹೊರಬಂದ ಕರಪತ್ರವಾಗಿತ್ತು.