ಸೇವೆಯ ಮೊದಲ ದಿನ: ಜಮಖಂಡಿ–ಮುಧೋಳ ಸೀಮೆಯ ದಿನಗೂಲಿ, ಗುತ್ತಿಗೆ ನೌಕರರ ಪಿಂಚಣಿ ಹಕ್ಕಿನ ಚರಿತ್ರೆ

2006ರ ಏಪ್ರಿಲ್ ತಿಂಗಳಲ್ಲಿ ಒಂಬತ್ತು ದಿನಗಳ ಅಂತರದಲ್ಲಿ ನಡೆದ ಎರಡು ಸಂಗತಿಗಳು ಕರ್ನಾಟಕದ ತಾತ್ಕಾಲಿಕ ನೌಕರರ ಮುಪ್ಪಿನ ದಿನಗಳನ್ನು ನಿರ್ಧರಿಸಿದವು. ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಸೇವೆಗೆ ಸೇರುವವರಿಗೆ ಹಳೆಯ ನಿಶ್ಚಿತ ಪಿಂಚಣಿ ನಿಂತು ವಂತಿಗೆ ಆಧಾರಿತ ಹೊಸ ಯೋಜನೆ ಬಂತು. ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಹತ್ತು ವರ್ಷ ದುಡಿದ ಕೆಲವರಿಗಷ್ಟೇ, ಅದೂ ಒಂದು ಸಲಕ್ಕೆ ಮಾತ್ರ, ಖಾಯಮಾತಿಯ ಅವಕಾಶ ಉಳಿಯಿತು. ಈ ಅವಕಾಶದಿಂದ ಒಳಗೆ ಬಂದವರು ಸೇವೆಗೆ ಸೇರಿದ್ದು ಯಾವಾಗ? ಮೊದಲ ಕೂಲಿ ಪಡೆದ ದಿನವೇ, ಖಾಯಮಾತಿಯ ಆದೇಶ ಕೈಗೆ ಬಂದ ದಿನವೇ? ಪಿಂಚಣಿಯ ಜಗಳವೆಲ್ಲ ಈ ಒಂದು ತಾರೀಖಿನ ಮೇಲೆ ನಿಂತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹಳೆಯ ಇತಿಹಾಸವಿದೆ.

ಈ ನೆಲ ಒಂದೇ ಆಡಳಿತದ ಕೈಯಲ್ಲಿ ಇದ್ದುದಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಗೆ ಸೇರಿದ ಊರು, ಬೀಳಗಿ ಬ್ರಿಟಿಷ್ ವಿಜಾಪುರ ಜಿಲ್ಲೆಯ ಭಾಗ. 1948ರ ಮಾರ್ಚ್ 8ರಂದು ದಖನ್ ಸಂಸ್ಥಾನಗಳ ಆಡಳಿತ ಮುಂಬಯಿ ಪ್ರಾಂತಕ್ಕೆ ಹೋಯಿತು. ಸಾವಳಗಿಯ ಬಿ.ಡಿ. ಜತ್ತಿಯವರು ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಯಾಗಿ ಈ ಸಂಧಿಕಾಲದಲ್ಲಿದ್ದವರು. ಹತ್ತು ವರ್ಷಗಳ ಬಳಿಕ ಅವರೇ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಸಂಸ್ಥಾನಗಳ ವಿಲೀನ ಒಪ್ಪಂದಗಳಲ್ಲಿ ನೌಕರರ ಬಗ್ಗೆಯೂ ಒಂದು ಭರವಸೆ ಇರುತ್ತಿತ್ತು. ಖಾಯಂ ನೌಕರರ ಸೇವೆಯನ್ನು ಹಿಂದಿನದಕ್ಕಿಂತ ಕಡಿಮೆಯಲ್ಲದ ಷರತ್ತಿನಲ್ಲಿ ಮುಂದುವರಿಸುವುದು, ಇಲ್ಲವೇ ತಕ್ಕ ಪರಿಹಾರ ಕೊಡುವುದು. ಹಾಗೆಂದರೆ ಸಂಸ್ಥಾನದ ಖಾಯಂ ಕಾರಕೂನ ಹೊಸ ಸರ್ಕಾರಕ್ಕೆ ಬರುವಾಗ ತನ್ನ ಹಳೆಯ ವರ್ಷಗಳನ್ನೂ ಜೊತೆಗೆ ತರಬಹುದಿತ್ತು. ರೋಜಂದಾರಿಯ ಮೇಲೆ ದುಡಿದವನಿಗೆ ಆ ಭರವಸೆ ತಟ್ಟಲಿಲ್ಲ. ಆಡಳಿತವೇ ಬದಲಾದರೂ ಸೇವೆ ತುಂಡಾಗಲಿಲ್ಲ ಎಂಬ ತತ್ವವನ್ನು ಆಗ ಒಪ್ಪಲಾಗಿತ್ತು, ಆದರೆ ಖಾಯಂ ಎಂಬ ಬೇಲಿಯ ಒಳಗಿದ್ದವರಿಗೆ ಮಾತ್ರ.

1956ರ ನವೆಂಬರ್ 1ರಂದು ವಿಜಾಪುರ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಹೀಗೆಯೇ ಆಯಿತು. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು, ಮುಂಬಯಿ ಕಡೆಯಿಂದ ಬಂದ ನೌಕರರ ಸೇವಾ ಷರತ್ತುಗಳನ್ನು ಕೇಂದ್ರದ ಪೂರ್ವಾನುಮತಿ ಇಲ್ಲದೆ ಅವರಿಗೆ ನಷ್ಟವಾಗುವಂತೆ ಬದಲಿಸಬಾರದೆಂದು ಕಟ್ಟು ಹಾಕಿತು. 1958ರಲ್ಲಿ ಬಂದ ಸೇವಾ ನಿಯಮಾವಳಿ, ಅಂದರೆ ಇವತ್ತಿನ ಕೆಸಿಎಸ್ಆರ್, ಪಿಂಚಣಿಗೆ ಲೆಕ್ಕಕ್ಕೆ ಬರುವ ‘ಅರ್ಹತಾದಾಯಕ ಸೇವೆ’ಯ ನಿಯಮಗಳನ್ನು ಹೇಳಿತು. ಇದರ ಮೂಲ ಬ್ರಿಟಿಷರ ಕಾಲದ ಸಿವಿಲ್ ಸರ್ವಿಸ್ ರೆಗ್ಯುಲೇಶನ್ಸ್. ಅದರ 361ನೇ ಕಲಮು ಮೂರು ಷರತ್ತು ಇಟ್ಟಿತ್ತು: ಸೇವೆ ಸರ್ಕಾರದ ಅಡಿಯಲ್ಲಿರಬೇಕು, ಹುದ್ದೆ ಖಾಯಂ ಆಗಿರಬೇಕು, ಪಗಾರ ಸರ್ಕಾರದಿಂದಲೇ ಬರಬೇಕು. ಕಾಲುವೆ ದಂಡೆಯಲ್ಲಿ ಸಲಿಕೆ ಹಿಡಿದವನಲ್ಲಿ ಮೊದಲನೆಯದೂ ಮೂರನೆಯದೂ ಇದ್ದವು. ನಡುವಿನದೊಂದೇ ಇರಲಿಲ್ಲ, ಆ ಒಂದನ್ನು ಕೊಡುವುದು ಸರ್ಕಾರದ ಕೈಯಲ್ಲೇ ಇತ್ತು.

ಘಟಪ್ರಭಾ ಎಡದಂಡೆ ಕಾಲುವೆ, ಆಲಮಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕೃಷ್ಣಾ ಮೇಲ್ದಂಡೆ ಯೋಜನೆ, ರಸ್ತೆ, ಕಟ್ಟಡ, ಅರಣ್ಯ: ದಶಕಗಟ್ಟಲೆ ಇಲಾಖೆಗಳು ಮಸ್ಟರ್ ರೋಲಿನ, ಅಂದರೆ ದಿನಗೂಲಿ ಹಾಜರಿ ಪಟ್ಟಿಯ, ಮೇಲೆ ಜನರನ್ನು ತೆಗೆದುಕೊಂಡವು. ಕೆಲಸ ನಿರಂತರವಾಗಿತ್ತು, ಹುದ್ದೆ ಮಂಜೂರಾಗಿರಲಿಲ್ಲ. ಅಕ್ಷರ ಬಲ್ಲವರು ಹೆಸರಿಗೆ ದಿನಗೂಲಿ, ಕೆಲಸಕ್ಕೆ ಟೈಪಿಸ್ಟ್ ಅಥವಾ ಗುಮಾಸ್ತ. 1984ರ ಜುಲೈ 1ರ ನಂತರ ಹೀಗೆ ನೇಮಿಸಬಾರದೆಂದು ಸರ್ಕಾರ ಗೆರೆ ಎಳೆದರೂ ನೇಮಕ ನಿಲ್ಲಲಿಲ್ಲ.

ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ಅಕ್ಷರಸ್ಥ ದಿನಗೂಲಿ ನೌಕರರ ಸಂಘ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಹಿನ್ನೆಲೆಯಲ್ಲಿ. 1990ರ ಫೆಬ್ರವರಿ 23ರ ತೀರ್ಪನ್ನು ಉತ್ತರ ಕರ್ನಾಟಕದ ಕಾರ್ಮಿಕ ಚರಿತ್ರೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಬೇಕೆಂದು ನನ್ನ ಅಭಿಪ್ರಾಯ. 1984ರ ಜುಲೈ 1ಕ್ಕೆ ಮುಂಚೆ ಸೇರಿದವರಿಗೆ 1990ರ ಜನವರಿ 1ರಿಂದ ತಿಂಗಳಿಗೆ 780 ರೂಪಾಯಿ ನಿಗದಿತ ವೇತನ, ಹತ್ತು ವರ್ಷ ತುಂಬಿದವರಿಗೆ ಹಂತ ಹಂತವಾಗಿ ಖಾಯಮಾತಿ. ಅದೇ ವರ್ಷದ ಆಗಸ್ಟ್ 6ರಂದು ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಧಾರವಾಡದ ಸಂಘದ ಗೆಲುವು ಮುಧೋಳ, ಬೀಳಗಿಯ ಮಸ್ಟರ್ ರೋಲಿನವರಿಗೂ ದಕ್ಕಿತು. ಹತ್ತರಾಚೆ ದುಡಿದ ಪ್ರತಿ ಐದು ವರ್ಷಕ್ಕೆ ಒಂದು ಹೆಚ್ಚುವರಿ ವೇತನ ಬಡ್ತಿಯನ್ನೂ ತೀರ್ಪು ಕೊಟ್ಟಿತ್ತು. ಹಿಂದಿನ ವರ್ಷಗಳಿಗೆ ಬೆಲೆಯಿದೆ ಎಂದು ಒಪ್ಪಿದ ಮಾತು ಇದು. ಆದರೆ ಆ ಬೆಲೆ ಪಗಾರದಲ್ಲಿ ಸಿಕ್ಕಿತು, ಪಿಂಚಣಿಯ ಲೆಕ್ಕಕ್ಕೆ ದಾಟಲಿಲ್ಲ.

ಇದರ ಫಲ ಏನೆಂಬುದನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಮುಧೋಳದ ಕಾಲುವೆ ಕೆಲಸಕ್ಕೆ 1982ರಲ್ಲಿ, 36ನೇ ವಯಸ್ಸಿನಲ್ಲಿ ಸೇರಿದ ಒಬ್ಬರು 1995ರಲ್ಲಿ ಖಾಯಂ ಆದರೆಂದು ಇಟ್ಟುಕೊಳ್ಳಿ. ಆಗ ನಿವೃತ್ತಿ ವಯಸ್ಸು 58. 2004ರಲ್ಲಿ ಮನೆಗೆ ಬಂದರು. ಒಟ್ಟು ದುಡಿದದ್ದು 22 ವರ್ಷ, ಖಾಯಂ ಸೇವೆ 9 ವರ್ಷ. ಪಿಂಚಣಿಗೆ ಕನಿಷ್ಠ 10 ವರ್ಷ ಬೇಕು. ಆದ್ದರಿಂದ ತಿಂಗಳ ಪಿಂಚಣಿ ಇಲ್ಲ, ಒಮ್ಮೆಗೆ ಒಂದಿಷ್ಟು ಉಪದಾನದ (ಗ್ರಾಚ್ಯುಯಿಟಿ) ಹಣ ಮಾತ್ರ. ಮೊದಲ 13 ವರ್ಷಗಳನ್ನೂ ಹಿಡಿದಿದ್ದರೆ, ಪೂರ್ಣ ಸೇವೆ 33 ವರ್ಷವಿದ್ದ ಆ ದಿನಗಳಲ್ಲಿ, ಅರ್ಧ ಪಗಾರದ ಮೂರರಲ್ಲಿ ಎರಡು ಪಾಲು, ಅಂದರೆ ಕೊನೆಯ ವೇತನದ ಮೂರನೇ ಒಂದು ಭಾಗ, ಸಾಯುವ ತನಕ ಬರುತ್ತಿತ್ತು. ಆಮೇಲೆ ಹೆಂಡತಿಗೆ ಕುಟುಂಬ ಪಿಂಚಣಿ. ಕಾಲುವೆಯಲ್ಲಿ ನೀರು ಹರಿಸಿದ ಕೆಲಸ 1994ರಲ್ಲೂ 1996ರಲ್ಲೂ ಒಂದೇ ಆಗಿತ್ತು.

ಉಮಾದೇವಿ ಪ್ರಕರಣದ ಬೇರು ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಲ್ಲಿದೆ, ಅದೇ 1984ರ ಗೆರೆ ದಾಟಿ ಸೇರಿದವರಲ್ಲಿ. ತೀರ್ಪು ಬರೆದ ನ್ಯಾಯಮೂರ್ತಿ ಪಿ.ಕೆ. ಬಾಲಸುಬ್ರಮಣ್ಯನ್ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಅರ್ಜಿ ಕರೆಯದೆ, ಮೀಸಲಾತಿ ಪಾಲಿಸದೆ ಕೊಟ್ಟ ನೌಕರಿ, ಹೊರಗೆ ಕಾದು ಕುಳಿತ ನಿರುದ್ಯೋಗಿಯ ಸಮಾನ ಅವಕಾಶವನ್ನು ಕಸಿಯುತ್ತದೆ. ಸಂವಿಧಾನದ 14 ಮತ್ತು 16ನೇ ವಿಧಿಗಳಿಗೆ ಅದು ವಿರುದ್ಧ. ನಿಯಮಕ್ಕೆ ವಿರುದ್ಧವಾದ ನೇಮಕವನ್ನು ಸಕ್ರಮದ ಹೆಸರಿನಲ್ಲಿ ಊರ್ಜಿತಗೊಳಿಸಲಾಗದೆಂಬ ಮಾತು ಮೈಸೂರು ರಾಜ್ಯದ್ದೇ ನಂಜುಂಡಪ್ಪ ಪ್ರಕರಣದಿಂದ ಬಂದದ್ದು. ಆದರೂ ತೀರ್ಪಿನ 53ನೇ ಪ್ಯಾರಾ ಒಂದು ದಾರಿ ಬಿಟ್ಟಿತು. ಮಂಜೂರಾದ ಖಾಲಿ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿ ಪರಿಗಣಿಸಬೇಕು, ಆರು ತಿಂಗಳಲ್ಲಿ ಆ ಪ್ರಕ್ರಿಯೆ ಆರಂಭವಾಗಬೇಕು.

ಆರು ತಿಂಗಳು ಕಳೆದವು, ನಾಲ್ಕು ವರ್ಷವೂ ಕಳೆಯಿತು. 2010ರ ಆಗಸ್ಟ್ 3ರಂದು ಎಂ.ಎಲ್. ಕೇಸರಿ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಪೀಠ, ಗದಗ ಜಿಲ್ಲಾ ಪಂಚಾಯತಿಯು ತನ್ನ ದಿನಗೂಲಿಗಳ ವಿಚಾರವನ್ನು ಪರಿಗಣಿಸಿಯೇ ಇಲ್ಲವೆಂದು ಕಂಡುಕೊಂಡಿತು. 2006ರ ಏಪ್ರಿಲ್ 10ಕ್ಕೆ ಹತ್ತು ವರ್ಷ ತುಂಬಿದ್ದ ಪ್ರತಿಯೊಬ್ಬರಿಗೂ ಪರಿಗಣನೆಯ ಹಕ್ಕಿದೆ, ಇಲಾಖೆಯ ವಿಳಂಬ ಆ ಹಕ್ಕನ್ನು ನುಂಗಲಾರದು ಎಂದು ಹೇಳಿತು.

ಈ ಪ್ರಬಂಧದ ಮುಖ್ಯ ವಾದ ಇಲ್ಲಿದೆ. ಉಮಾದೇವಿ ತೀರ್ಪಿನ ಅಡಿಯಲ್ಲಿ ಖಾಯಂ ಆಗಬಹುದಾದ ಪ್ರತಿಯೊಬ್ಬರೂ 1996ರ ಏಪ್ರಿಲ್ 10ರೊಳಗೆ ದುಡಿಯಲು ಬಂದವರು. ಹಳೆಯ ಪಿಂಚಣಿ ಜಾರಿಯಲ್ಲಿದ್ದ ಕಾಲದವರು. ಆದರೆ ತೀರ್ಪಿನ ಬಲದಿಂದ ಅವರ ಕೈಗೆ ಬರುವ ಆದೇಶದ ತಾರೀಖು 2006ರ ಏಪ್ರಿಲ್ 10ರ ನಂತರದ್ದೇ ಆಗಬೇಕು. ಆದೇಶದ ತಾರೀಖನ್ನೇ ಸೇವೆಯ ಆರಂಭವೆಂದು ಹಿಡಿದರೆ ಅವರೆಲ್ಲರೂ ಹೊಸ ಯೋಜನೆಗೆ ಬೀಳುತ್ತಾರೆ. ಅಲ್ಲಿ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ನೌಕರನ ವಂತಿಗೆ, ಸರ್ಕಾರದ್ದೂ ಮೊದಲು ಅಷ್ಟೇ, ಆಮೇಲೆ ಶೇ. 14. ಮೂವತ್ತು ವರ್ಷ ಕೂಡಿಸಿದವರ ಗಂಟು ಬೇರೆ. ನಲವತ್ತೆಂಟನೇ ವಯಸ್ಸಿಗೆ ಖಾಯಂ ಆಗಿ ಹನ್ನೆರಡು ವರ್ಷ ಕೂಡಿಸಿದವರ ಗಂಟು ಬೇರೆ. ಆ ಸಣ್ಣ ಗಂಟಿನ ಶೇ. 40ರಷ್ಟನ್ನು ವರ್ಷಾಶನಕ್ಕೆ ಹಾಕಿದರೆ ತಿಂಗಳಿಗೆ ಬರುವುದು ಅತ್ಯಲ್ಪ. ವಿಳಂಬ ಮಾಡಿದ್ದು ಇಲಾಖೆ, ದಂಡ ತೆತ್ತದ್ದು ನೌಕರ.

ತಾರೀಖನ್ನು ಹಿಂದಕ್ಕೆ ಸರಿಸುವುದು ಸಾಧ್ಯವೇ ಇಲ್ಲವೆಂಬ ಮಾತಿಗೆ ಸರ್ಕಾರವೇ ಉತ್ತರ ಕೊಟ್ಟಿದೆ. 2006ರ ಏಪ್ರಿಲ್ 1ಕ್ಕೆ ಮುಂಚಿನ ಅಧಿಸೂಚನೆಯಂತೆ ಆಯ್ಕೆಯಾಗಿ ನಂತರ ನೇಮಕವಾದ ಸುಮಾರು 13,000 ನೌಕರರಿಗೆ 2024ರ ಜನವರಿಯಲ್ಲಿ ಹಳೆಯ ಪಿಂಚಣಿಯನ್ನು ಕೊಡಲಾಯಿತು. ನೇಮಕಾತಿ ತಡವಾದದ್ದು ಅವರ ತಪ್ಪಲ್ಲ ಎಂಬುದು ಅದರ ಹಿಂದಿನ ನ್ಯಾಯ. ಅದು ಸರಿಯಾದ ನಿರ್ಧಾರ. ಅವರಾದರೂ ಆ ದಿನದ ಹೊತ್ತಿಗೆ ಕೆಲಸಕ್ಕೆ ಬಂದಿರಲಿಲ್ಲ. ಹತ್ತು ವರ್ಷ ಆಗಲೇ ದುಡಿದಿದ್ದವರ ಹಕ್ಕು ಇದಕ್ಕಿಂತ ದುರ್ಬಲವೆಂದು ಹೇಳಲು ನನಗೆ ಕಾರಣ ಕಾಣುವುದಿಲ್ಲ.

ನ್ಯಾಯಾಲಯಗಳ ನಡಿಗೆಯೂ ಆ ಕಡೆಗೇ ಇದೆ. ಪಿಂಚಣಿ ದಾನವಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲುವ ಹಕ್ಕು ಎಂದು 1982ರ ಡಿಸೆಂಬರ್ 17ರ ನಕಾರಾ ತೀರ್ಪು ಹೇಳಿತ್ತು. 2018ರ ನೇತ್ರಾಮ್ ಸಾಹು ಪ್ರಕರಣದಲ್ಲಿ 22 ವರ್ಷ ದಿನಗೂಲಿ, 3 ವರ್ಷ ಖಾಯಂ ದುಡಿದವರಿಗೆ ಪೂರ್ತಿ 25 ವರ್ಷಕ್ಕೂ ಗ್ರಾಚ್ಯುಯಿಟಿ ಸಿಕ್ಕಿತು. 2019ರಲ್ಲಿ ಪ್ರೇಮ್ ಸಿಂಗ್ ಪ್ರಕರಣ ಉತ್ತರ ಪ್ರದೇಶದ ವರ್ಕ್‌ಚಾರ್ಜ್ಡ್ (ಕಾಮಗಾರಿಯ ಖರ್ಚಿನಲ್ಲಿ ಪಗಾರ ಕೊಡುವ) ಸೇವೆಯನ್ನು ಪಿಂಚಣಿಗೆ ಹಿಡಿಯಿತು. 2023ರ ಆಗಸ್ಟ್ 7ರಂದು ಶೀಲಾ ದೇವಿ ಪ್ರಕರಣದಲ್ಲಿ, ಗುತ್ತಿಗೆಯ ಮೇಲೆ ಸೇರಿ ಆಮೇಲೆ ಖಾಯಂ ಆದವರ ಗುತ್ತಿಗೆ ವರ್ಷಗಳೂ ಪಿಂಚಣಿಗೆ ಸೇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಅದು ಹಿಮಾಚಲಕ್ಕೆ ಅನ್ವಯವಾಗುವ ಕೇಂದ್ರ ಪಿಂಚಣಿ ನಿಯಮ 1972ರ 17ನೇ ನಿಯಮವನ್ನು ಆಧರಿಸಿದ ತೀರ್ಪು. ಕರ್ನಾಟಕಕ್ಕೆ ತನ್ನದೇ ನಿಯಮಾವಳಿ ಇರುವುದರಿಂದ ಅದನ್ನು ಹಾಗೇ ಎತ್ತಿ ಇಲ್ಲಿಗೆ ತರಲಾಗದು. ಅದಕ್ಕೇ ನಿಯಮಾವಳಿಗೆ ಅಂಥ ಒಂದು ನಿಯಮವನ್ನು ಸೇರಿಸುವ ಹೊಣೆ ರಾಜ್ಯ ಸರ್ಕಾರದ ಮೇಲಿದೆ.

ಉಮಾದೇವಿ ತೀರ್ಪಿನ ದಾರಿಯಲ್ಲೂ ಒಳಬರಲಾಗದವರಿಗೆ ಕರ್ನಾಟಕ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಅಧಿನಿಯಮ, 2012 ಬಂತು. ಅರವತ್ತರ ತನಕ ಕೆಲಸದ ಭದ್ರತೆ, ಹುದ್ದೆಗೆ ತಕ್ಕ ವೇತನ ಸಿಕ್ಕಿತು, ಖಾಯಮಾತಿ ಸಿಗಲಿಲ್ಲ. ಹೊಟ್ಟೆಪಾಡಿನ ದೃಷ್ಟಿಯಿಂದ ಇದು ಸಣ್ಣ ಉಪಕಾರವಲ್ಲ. ಅರವತ್ತರ ಮಾರನೆಯ ದಿನದ ಪ್ರಶ್ನೆ ಹಾಗೇ ಉಳಿಯಿತು.

ಪೌರಕಾರ್ಮಿಕರದು ಇನ್ನೊಂದು ತೊಡಕು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯಲ್ಲಿ ನಗರಸಭೆಗಳಿವೆ, ಬೀಳಗಿಯಲ್ಲಿ ಪಟ್ಟಣ ಪಂಚಾಯತಿ. ರಾಜ್ಯದ ಇಂಥ ಸಂಸ್ಥೆಗಳಲ್ಲಿ ಬೀದಿ ಗುಡಿಸುವ ಕೆಲಸ ಗುತ್ತಿಗೆದಾರರ ಕೈಗೆ ಹೋಗಿ, ಆಮೇಲೆ ನೇರ ಪಾವತಿಗೆ ಬಂದು, 2022ರ ಜುಲೈ ಮುಷ್ಕರದ ಬಳಿಕ 11,133 ಮಂದಿಯನ್ನು ಖಾಯಂ ಮಾಡುವ ತೀರ್ಮಾನವಾಯಿತು. ಗುತ್ತಿಗೆದಾರನಡಿ ದುಡಿದ ವರ್ಷಗಳ ಹಾಜರಿ ಆತನ ವಹಿಯಲ್ಲಿರುತ್ತದೆ, ನಗರಸಭೆಯ ಸೇವಾ ಪುಸ್ತಕದಲ್ಲಿ ಇರುವುದಿಲ್ಲ. ಮಸ್ಟರ್ ರೋಲಿನ ಕಾಲದ ಕೂಲಿಗೆ ಸರ್ಕಾರದ ಕಾಗದವಾದರೂ ಸಾಕ್ಷಿಯಾಗಿತ್ತು. ಹೊರಗುತ್ತಿಗೆ ಆ ಸಾಕ್ಷಿಯನ್ನೂ ಕಿತ್ತುಕೊಂಡಿತು.

ಆದ್ದರಿಂದ ನಿಯಮ ತಿದ್ದುವಾಗ ಪುರಾವೆಯ ಹೊರೆಯನ್ನೂ ತಿದ್ದಬೇಕು. ಮಸ್ಟರ್ ರೋಲು, ಕೂಲಿ ವೋಚರು, ಅಳತೆ ಪುಸ್ತಕ, ಕ್ಯಾಶ್ ಬುಕ್ ಇಟ್ಟುಕೊಳ್ಳುವುದು ಇಲಾಖೆ. ಅವು ಸಿಗಲಿಲ್ಲವೆಂದರೆ ಅದರ ನಷ್ಟ ನೌಕರನಿಗೆ ತಟ್ಟಬಾರದು. 1997ರಲ್ಲಿ ವಿಜಾಪುರದಿಂದ ಬಾಗಲಕೋಟೆ ಜಿಲ್ಲೆ ಒಡೆದದ್ದೂ, 2018ರ ಸುಮಾರಿಗೆ ಜಮಖಂಡಿಯಿಂದ ರಬಕವಿ-ಬನಹಟ್ಟಿ ತಾಲ್ಲೂಕು ಒಡೆದದ್ದೂ ನೌಕರರು ಕೇಳಿ ಮಾಡಿಸಿದ ಕಡತ ವರ್ಗಾವಣೆಗಳಲ್ಲ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಆರಂಭವಾದ ಮೇಲೆ ಈ ಸೀಮೆಯವರ ಕೋರ್ಟಿನ ದಾರಿ ಹತ್ತಿರವಾಗಿದೆ. ಹಾಜರುಪಡಿಸಬೇಕಾದ ಕಾಗದಗಳು ಮಾತ್ರ ವರ್ಷದಿಂದ ವರ್ಷಕ್ಕೆ ದೂರವಾಗುತ್ತಿವೆ. 1984ರ ಗೆರೆಯ ಹೊತ್ತಿಗೆ ಇಪ್ಪತ್ತು ವರ್ಷದವರಾಗಿದ್ದವರಿಗೆ 2024ರಲ್ಲಿ ಅರವತ್ತು ತುಂಬಿದೆ. 1996ರ ಆರಂಭದಲ್ಲಿ ಅದೇ ವಯಸ್ಸಿಗೆ ಸೇರಿ, ಉಮಾದೇವಿ ತೀರ್ಪಿನ ಹತ್ತು ವರ್ಷದ ಷರತ್ತನ್ನು ಅಂಚಿನಲ್ಲಿ ಮುಟ್ಟಿದವರು 2036ರಲ್ಲಿ ನಿವೃತ್ತರಾಗುತ್ತಾರೆ.